ಬಲಗಡೆ ಹೊಳ್ಳೆ, ಎಡಗಡೆ ಹೊಳ್ಳೆ

ಹನ್ನೊಂದು ವರ್ಷ ನನ್ನ ಅಂಗಿ ಜೇಬಿನಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಮೂಗಿಗೆ ಹಾಕುವ ಡ್ರಾಪ್ಸ್, 10 ಮಿಲಿ. ಪೆನ್ನು ಮರೆತ ದಿನಗಳಿವೆ, ಡ್ರಾಪ್ಸ್ ಮರೆತ ದಿನ ಒಂದೇ. ಅವತ್ತು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟಿದ್ದೆವು. ಮೂಡಿಗೆರೆ ತಲುಪಿದಾಗ ಜೇಬು ಮುಟ್ಟಿ ನೋಡಿಕೊಂಡೆ, ಬಾಟಲಿ ಇರಲಿಲ್ಲ. ಬೆಳಗಿನ ಹೊತ್ತು, ಮೆಡಿಕಲ್ ಶಾಪ್ ಇನ್ನೂ ತೆರೆದಿರಲಿಲ್ಲ. ಮುಕ್ಕಾಲು ಗಂಟೆ ಕಾದೆವು. ಹೆಂಡತಿ, ಮಗಳು, ಅಮ್ಮ ಮೂರೂ ಜನ ಕಾರಿನಲ್ಲಿ ಮಾತಿಲ್ಲದೆ ಕೂತಿದ್ದರು. ಶಟರ್ ಮೇಲೆ ಹೋದ ಕೂಡಲೇ ಓಡಿದೆ. ಅಂಗಡಿ ಮೆಟ್ಟಿಲ ಮೇಲೇ ತಲೆ ಹಿಂದಕ್ಕೆ ಬಾಗಿಸಿ ಎರಡೂ ಹೊಳ್ಳೆಗೆ ಬಿಟ್ಟುಕೊಂಡೆ. ಐದು ನಿಮಿಷದಲ್ಲಿ ಉಸಿರು ಬಂತು. ಆಮೇಲಷ್ಟೇ ನನಗೆ ಘಾಟಿ ಇಳಿಯುವ ಧೈರ್ಯ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಕೆಲಸ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ತೋಟದ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕಡೆ. ತೋಟದಿಂದ ಬಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ), ಚೆರ್ರಿ (ಹಣ್ಣಾಗಿಯೇ ಒಣಗಿಸಿದ್ದು) ಇಳಿಸಿಕೊಳ್ಳಬೇಕು, ಸ್ಯಾಂಪಲ್ ತೆಗೆಯಬೇಕು, ಮಾಯಿಶ್ಚರ್ ನೋಡಬೇಕು, ಎಷ್ಟು ಮಾಲಿಗೆ ಎಷ್ಟು ಬೀಜ ಸಿಕ್ಕಿತು ಅನ್ನುವ ಔಟ್‌ಟರ್ನ್ ಬರೆಯಬೇಕು. ಸಿಪ್ಪೆ ಬಿಡಿಸುವ ಯಂತ್ರ ಹಲ್ಲರ್ ತಿರುಗಲು ಶುರುವಾದರೆ ಹೊಟ್ಟಿನ ಧೂಳು ಚೀಲದ ಮೇಲೆ, ಲೆಡ್ಜರ್ ಮೇಲೆ, ಕಣ್ಣಿನ ರೆಪ್ಪೆ ಮೇಲೆ ಕೂರುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೇ ಸೀನು ಶುರುವಾಗಿತ್ತು. ಆಮೇಲೆ ಮೂಗು ಕಟ್ಟುವುದು. ನೆಗಡಿ ಅಲ್ವಾ, ಹೋಗುತ್ತೆ ಅಂತ ಸುಮ್ನಿದ್ದೆ. ಹೋಗಲಿಲ್ಲ.

ರಾತ್ರಿ ನಿಜಕ್ಕೂ ಕಷ್ಟ. ಬಲಕ್ಕೆ ಮಲಗಿದರೆ ಬಲಗಡೆ ಹೊಳ್ಳೆ ಕಟ್ಟುತ್ತಿತ್ತು. ಎಡಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿಗೆ ಅದು ಬಿಟ್ಟು ಎಡಗಡೆಯದು ಕಟ್ಟುತ್ತಿತ್ತು. ಬಾಯಲ್ಲಿ ಉಸಿರಾಡಿ ಉಸಿರಾಡಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹಾಸಿಗೆ ಪಕ್ಕ ಒಂದು ಚೊಂಬು ನೀರು ಯಾವಾಗಲೂ ಇರುತ್ತಿತ್ತು, ಬೆಳಗಾಗುವಷ್ಟರಲ್ಲಿ ಖಾಲಿ. ಹಬೆ ತೆಗೆದುಕೊಂಡೆ, ತುಳಸಿ ಕಷಾಯ ಕುಡಿದೆ, ಮುಲಾಮು ಹಚ್ಚಿದೆ. ಕೊನೆಗೆ ನಿಂತಿದ್ದು ಡ್ರಾಪ್ಸ್ ಒಂದೇ. ಮೊದಲು ದಿನಕ್ಕೆ ಎರಡು ಸಲ ಹಾಕುತ್ತಿದ್ದೆ. ಬರುಬರುತ್ತಾ ಎರಡು ಗಂಟೆಗೊಮ್ಮೆ ಬೇಕಾಯಿತು.

ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ಫೆಬ್ರವರಿಯಲ್ಲಿ ಒಂದು ತಪ್ಪು ಮಾಡಿದೆ. ಒಂದು ಲೋಡ್ ಪಾರ್ಚ್‌ಮೆಂಟ್ ಬಂತು. ಮೀಟರ್‌ನಲ್ಲಿ ಮಾಯಿಶ್ಚರ್ ಸರಿಯಾಗಿ ಶೇ. 10ರ ಹತ್ತಿರ ತೋರಿಸಿತು. ಬೊಗಸೆಯಲ್ಲಿ ಹಿಡಿದು ಮೂಸಿದೆ, ಏನೂ ಅನ್ನಿಸಲಿಲ್ಲ. ಒಳ್ಳೇ ಮಾಲು ಅಂತ ಬರೆದು ಬೇರೆ ಚೀಲಗಳ ಜೊತೆ ಇಳಿಸಿದೆ. ಸಂಜೆ ಬೀಜ ಆರಿಸುವ ಗಾರ್ಬ್ಲಿಂಗ್ ಹೆಂಗಸರಲ್ಲಿ ಹಿರಿಯರೊಬ್ಬರು ಆ ಸಾಲಿನ ಪಕ್ಕ ಹಾದು ಹೋಗುವಾಗ ನಿಂತು, "ಸಾರ್, ಇದು ಮುಗ್ಗಲು ಹೊಡೀತೈತಲ್ಲ" ಅಂದರು. ಮಳೆಗೆ ಸಿಕ್ಕಿ ಮತ್ತೆ ಒಣಗಿಸಿದ ಮಾಲು ಅದು. ಅಷ್ಟು ದೂರದಿಂದ ಅವರಿಗೆ ಗೊತ್ತಾಗಿದ್ದು, ಬೊಗಸೆಯಲ್ಲಿ ಹಿಡಿದ ನನಗೆ ಗೊತ್ತಾಗಿರಲಿಲ್ಲ. ಚೀಲ ಬೇರೆ ಮಾಡಿಸಿದೆವು, ನಷ್ಟ ಆಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರದಿದ್ದುದಕ್ಕೆ ಮೂಗೊಂದೇ ಕಾರಣ ಆಗಿರಲಿಲ್ಲ.

ಮೊದಲು ತೋರಿಸಿದ ಡಾಕ್ಟರ್ ಟಾರ್ಚ್ ಹಾಕಿ ಅರ್ಧ ನಿಮಿಷ ನೋಡಿದರು. "ಮಾಂಸ ಬೆಳೆದಿದೆ. ಪೂರ್ತಿ ತೆಗೆದುಬಿಡೋಣ. ಬರೋ ವಾರ ಅಡ್ಮಿಟ್ ಆಗಿ" ಅಂದರು. ನನಗೆ ಸಂತೋಷವೇ ಆಯಿತು. ಬೇಡದ ಮಾಂಸ, ತೆಗೆದರೆ ಮುಗಿಯಿತು ಅಲ್ವಾ? ಅಮ್ಮನೂ ಅದನ್ನೇ ಹೇಳಿದಳು: "ಕಿತ್ತು ಹಾಕಿಸ್ಕೊ ಮಗಾ, ಎಷ್ಟು ದಿನ ಅಂತ ಒದ್ದಾಡ್ತೀಯ." ತಡೆದದ್ದು ಹಾಸನದ ಅಕ್ಕ. "ಮೂಗು ಕಣೋ ಅದು, ತರಕಾರಿ ಅಲ್ಲ. ಇಲ್ಲಿ ಬಾ, ಇನ್ನೊಬ್ಬರಿಗೆ ತೋರಿಸೋಣ" ಅಂದಳು. ಏಪ್ರಿಲ್ ಮೊದಲ ವಾರ ಬೇಲೂರು ಮೇಲೆ ಹಾಸನದ ಬಸ್ ಹತ್ತಿದೆ.

ಹಾಸನದ ಡಾಕ್ಟರ್ ಮೇಡಂ ಮೊದಲು ಟಾರ್ಚ್ ಹಾಕಲಿಲ್ಲ. ನಾಲಿಗೆ ಒತ್ತಿ ಗಂಟಲು ನೋಡುತ್ತಾರಲ್ಲ, ಆ ತಣ್ಣನೆ ಸ್ಟೀಲ್ ಪಟ್ಟಿಯನ್ನು ನನ್ನ ಮೂಗಿನ ಕೆಳಗೆ ಅಡ್ಡ ಹಿಡಿದರು. "ಬಾಯಿ ಮುಚ್ಚಿ, ಸುಮ್ನೆ ಉಸಿರು ಬಿಡಿ." ಪಟ್ಟಿ ತಿರುಗಿಸಿ ನನಗೇ ತೋರಿಸಿದರು. ಎಡಗಡೆ ಕಡಲೆಕಾಳಿನಷ್ಟು ಆವಿ ಕೂತಿತ್ತು. ಬಲಗಡೆ ಏನೂ ಇರಲಿಲ್ಲ, ಸ್ಟೀಲ್ ಹೊಳೆಯುತ್ತಿತ್ತು. ಹನ್ನೊಂದು ವರ್ಷದ ಕಷ್ಟ ಕಣ್ಣಿಗೆ ಕಂಡದ್ದು ಅವತ್ತೇ ಮೊದಲು. ಹೇಳಿದರೆ ಎಲ್ಲರೂ ನೆಗಡಿ ಅಂತಲೇ ಅಂದುಕೊಳ್ಳುತ್ತಿದ್ದರು. ಗಂಟಲು ಕಟ್ಟಿ ಬಂತು.

ಆಮೇಲೆ ಎಂಡೋಸ್ಕೋಪ್ ಹಾಕಿ ಒಳಗಿನದನ್ನು ಟಿವಿಯಲ್ಲಿ ತೋರಿಸಿದರು. ಮಸುಕು ಗುಲಾಬಿ ಬಣ್ಣದ ಒಂದು ಉಬ್ಬು, ಒದ್ದೆ ಒದ್ದೆ, ನಡುವಿನ ಗೋಡೆಗೆ ತಾಗಿಕೊಂಡೇ ಕೂತಿತ್ತು. ದಾರಿಯೇ ಇರಲಿಲ್ಲ. "ಇದೇನಾ ಮೇಡಂ ಬೆಳೆದಿರೋ ಮಾಂಸ?" ಅಂದೆ. ಅವರು ಚೀಟಿ ಹಿಂದೆ ಚಿತ್ರ ಬರೆದರು. ಪ್ರತಿ ಹೊಳ್ಳೆಯ ಹೊರಗೋಡೆಯಲ್ಲಿ ಒಂದರ ಕೆಳಗೊಂದು ಮೂರು ಮಡಿಕೆ. "ಇವಕ್ಕೆ ಟರ್ಬಿನೇಟ್ ಅಂತಾರೆ. ಒಳಗೆ ತೆಳುವಾದ ಮೂಳೆ, ಮೇಲೆ ರಕ್ತನಾಳ ತುಂಬಿರೋ ಪದರ. ಇದು ಬೆಳೆದದ್ದಲ್ಲ, ಎಲ್ಲರ ಮೂಗಲ್ಲೂ ಇರುತ್ತೆ. ನಿಮ್ಮಲ್ಲಿ ಕೆಳಗಿನದು ಊದಿಕೊಂಡಿದೆ." ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆದುಕೊಳ್ಳುತ್ತೇವಂತೆ. ಅದನ್ನು ಬೆಚ್ಚಗೆ ಮಾಡುವುದು, ಒದ್ದೆ ಮಾಡುವುದು, ಧೂಳು ಹಿಡಿಯುವುದು ಈ ಮಡಿಕೆಗಳ ಕೆಲಸ. ನನ್ನ ಶ್ವಾಸಕೋಶಕ್ಕೆ ಕಾಫಿ ಹೊಟ್ಟು ಹೋಗದಂತೆ ಇಷ್ಟು ವರ್ಷ ಅಡ್ಡ ನಿಂತದ್ದು ಇದೇ. ನಾನು ಕಿತ್ತು ಹಾಕಿಸಲು ಹೊರಟಿದ್ದೂ ಇದನ್ನೇ.

ಪೂರ್ತಿ ತೆಗೆದರೆ ಏನಾಗುತ್ತೆ ಅಂತ ಕೇಳಿದೆ. ಮೇಡಂ ಪೆನ್ನು ಕೆಳಗಿಟ್ಟು ಹೇಳಿದರು. ದಾರಿ ಅಗಲವಾಗುತ್ತದೆ. ಆದರೆ ಉಸಿರು ಒಳಗೆ ಹೋಗುತ್ತಿದೆ ಅಂತ ನಮಗೆ ತಿಳಿಯುವುದು ತಂಪು ಗಾಳಿ ಆ ಪದರಕ್ಕೆ ತಾಗಿದಾಗ. ಪದರವೇ ಇಲ್ಲದಿದ್ದರೆ ಕೆಲವರಿಗೆ ಗಾಳಿ ಹೋಗುತ್ತಿದ್ದರೂ ಉಸಿರು ಕಟ್ಟಿದ ಹಾಗೇ ಅನ್ನಿಸುತ್ತದೆ. ಮೂಗು ಒಣಗುತ್ತದೆ, ಹಕ್ಕಳೆ ಕಟ್ಟುತ್ತದೆ. ಇದನ್ನು ಖಾಲಿ ಮೂಗಿನ ತೊಂದರೆ ಅನ್ನುತ್ತಾರೆ. ತೆಗೆದದ್ದನ್ನು ಮತ್ತೆ ಇಡಲು ಬರುವುದಿಲ್ಲ. ಮುಲಾಮು ಹಚ್ಚಿದಾಗ ಮೂಗು ಬಿಟ್ಟ ಹಾಗೆ ಅನ್ನಿಸುವುದು ಯಾಕೆ ಅಂತಲೂ ಆಗ ಗೊತ್ತಾಯಿತು. ಮೆಂಥಾಲ್ ಆ ತಂಪಿನ ನರವನ್ನು ಎಬ್ಬಿಸುತ್ತದೆ ಅಷ್ಟೆ, ದಾರಿ ಒಂದೆಳೆಯೂ ಬಿಡುವುದಿಲ್ಲ.

ನಾನು ಮತ್ತೆ ಮತ್ತೆ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಯಾರಾದರೂ ನಿಮಗೆ "ಮೂಗಲ್ಲಿ ಮಾಂಸ ಬೆಳೆದಿದೆ" ಅಂದರೆ, ಯಾವ ಮಾಂಸ ಅಂತ ಕೇಳಿ. ಹೊಸದಾಗಿ ಬೆಳೆದ ಮೆದು ಗಂಟು, ಅಂದರೆ ಪಾಲಿಪ್ ಬೇರೆ, ಟರ್ಬಿನೇಟ್ ಬೇರೆ. ಎಷ್ಟು ತೆಗೀತೀರಿ ಅನ್ನುವುದಕ್ಕಿಂತ ಎಷ್ಟು ಉಳಿಸ್ತೀರಿ ಅಂತ ಕೇಳಿ.

ಮೇಡಂ ನನ್ನ ಜೇಬಿನ ಬಾಟಲಿ ಕೇಳಿ ತೆಗೆದುಕೊಂಡು ಹೆಸರು ಓದಿದರು. ಕ್ಸೈಲೋಮೆಟಜೋಲಿನ್. ಇದು ರಕ್ತನಾಳಗಳನ್ನು ಹಿಂಡುತ್ತದೆ, ಅದಕ್ಕೇ ಐದು ನಿಮಿಷದಲ್ಲಿ ಮೂಗು ಬಿಡುತ್ತದೆ. ಐದಾರು ದಿನ ಮೀರಿ ಹಾಕಿದರೆ ಮದ್ದು ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಜಾಸ್ತಿ ಊದುತ್ತವೆ. ಅದಕ್ಕೆ ಮತ್ತೆ ಡ್ರಾಪ್ಸ್, ಮತ್ತೆ ಊತ. "ನಿಮಗೆ ಅಲರ್ಜಿ ಇದೆ, ನಿಜ. ಅದರ ಮೇಲೆ ಈ ಬಾಟಲಿಯೂ ಒಂದು ಕಾಯಿಲೆ ಮಾಡಿದೆ. ಮೊದಲು ಇದನ್ನ ಬಿಡಿ, ಆಮೇಲೆ ಆಪರೇಷನ್ ಮಾತು." ಹನ್ನೊಂದು ವರ್ಷದಲ್ಲಿ ಒಬ್ಬರೂ ನನಗೆ ಇದನ್ನು ಹೇಳಿರಲಿಲ್ಲ. ಅಂಗಡಿ ಹುಡುಗ ನಾನು ಬಾಯಿ ತೆರೆಯುವ ಮೊದಲೇ ಬಾಟಲಿ ಕೌಂಟರ್ ಮೇಲೆ ಇಡುತ್ತಿದ್ದ.

ಬಿಡಿಸಿದ ಕ್ರಮ ಹೀಗಿತ್ತು. ದಿನವೂ ಸ್ಟಿರಾಯ್ಡ್ ಸ್ಪ್ರೇ, ಉಪ್ಪುನೀರು. ಡ್ರಾಪ್ಸ್ ಎಡಗಡೆ ಹೊಳ್ಳೆಗೆ ಮಾತ್ರ, ಬಲಗಡೆಗೆ ಪೂರ್ತಿ ಬಂದ್. ಅದು ಸ್ವಲ್ಪ ಹದಕ್ಕೆ ಬಂದ ಮೇಲೆ ಎಡಗಡೆಗೂ ಬಂದ್. ಮೊದಲ ಹತ್ತು ದಿನ ನರಕ. ರಾತ್ರಿ ಎರಡು ಗಂಟೆಗೆ ಹಜಾರದಲ್ಲಿ ಓಡಾಡುತ್ತಿದ್ದೆ. ಹೆಂಡತಿ ಎದ್ದು ಬಂದು, "ರೀ, ಕೂತ್ಕೊಳ್ಳಿ, ನಾನೂ ಕೂತಿರ್ತೀನಿ" ಅಂತ ದಿಂಬು ಗೋಡೆಗೆ ಒರಗಿಸಿ ಕೊಡುತ್ತಿದ್ದಳು. ಇಬ್ಬರೂ ಹಾಗೇ ಕೂತು ಬೆಳಗು ಮಾಡಿದ ರಾತ್ರಿಗಳಿವೆ. ಮೂರನೇ ವಾರಕ್ಕೆ ಡ್ರಾಪ್ಸ್ ನಿಂತಿತು. ಆಪರೇಷನ್‌ಗಿಂತ ಕಷ್ಟವಾದದ್ದು ಇದು.

ಮೂರು ತಿಂಗಳು ಸ್ಪ್ರೇ ಹಾಕಿದರೂ ಊತ ಅರ್ಧದಷ್ಟೇ ಇಳಿಯಿತು. ಪದರ ಆಗಲೇ ದಪ್ಪಗಾಗಿತ್ತು, ಒಳಗಿನ ಮೂಳೆಯೂ ಒಳಕ್ಕೆ ಬಾಗಿತ್ತು. ಈಗ ಆಪರೇಷನ್ ಮಾಡಬಹುದು ಅಂದರು ಮೇಡಂ. ಆಷಾಢ ಅಂತ ಅಮ್ಮ ತಕರಾರು ಮಾಡಿದಳು. ನಮ್ಮಲ್ಲಿ ಕೆಲಸ ಕಡಿಮೆ ಇರುವುದೇ ಮಳೆಗಾಲದಲ್ಲಿ. ಹೇಗೋ ಒಪ್ಪಿಸಿ ಜುಲೈನಲ್ಲಿ ಅಡ್ಮಿಟ್ ಆದೆ.

ರಕ್ತ ಪರೀಕ್ಷೆ, ಇಸಿಜಿ, ಸಿಟಿ ಸ್ಕ್ಯಾನ್ ಎಲ್ಲ ಮೊದಲೇ ಆಗಿತ್ತು. ಹಿಂದಿನ ರಾತ್ರಿಯಿಂದ ಊಟ ಇಲ್ಲ. ಬೆಳಿಗ್ಗೆ ಮೇಡಂ ವಾರ್ಡಿಗೆ ಬಂದು ಮತ್ತೊಮ್ಮೆ ಹೇಳಿದರು. ಮೇಲಿನ ಹೊದಿಕೆ ಹಾಗೇ ಇರುತ್ತೆ. ಮುಂಭಾಗದಲ್ಲಿ ಸಣ್ಣ ತೂತು ಮಾಡಿ, ಮೈಕ್ರೋಡಿಬ್ರೈಡರ್ ಅನ್ನುವ ತೆಳು ಕೊಳವೆ ತೂರಿಸಿ, ಒಳಗಿನ ಊದಿದ ಭಾಗವನ್ನು ಸ್ವಲ್ಪ ಕೆರೆದು ಎಳೆದುಕೊಳ್ಳುತ್ತಾರೆ. ಮೂಳೆಯನ್ನು ಹೊರಗೋಡೆ ಕಡೆಗೆ ಒತ್ತಿ ಕೂರಿಸುತ್ತಾರೆ. ನಾನು, "ಉಳಿಸ್ತೀರಲ್ವಾ ಮೇಡಂ?" ಅಂತ ಮತ್ತೆ ಕೇಳಿದೆ. ಅವರು ನನ್ನ ಭುಜ ತಟ್ಟಿ, "ಬೇಕಾದಷ್ಟು ಉಳಿಸ್ತೀನಿ" ಅಂದರು. ಥಿಯೇಟರ್‌ನಲ್ಲಿ ಕೈಗೆ ಇಂಜೆಕ್ಷನ್ ಕೊಟ್ಟದ್ದು, ಮೇಲಿನ ದೊಡ್ಡ ದೀಪ ನೋಡಿದ್ದು ನೆನಪು. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು.

ಎರಡೂ ಹೊಳ್ಳೆಯಲ್ಲಿ ಸ್ಪಂಜಿನ ಪ್ಯಾಕ್, ಮೂಗಿನ ಕೆಳಗೆ ಬ್ಯಾಂಡೇಜ್ ಪಟ್ಟಿ. ಗಂಟಲಲ್ಲಿ ಟ್ಯೂಬ್ ಹಾಕಿದ ಉರಿ. ಒಂದು ಗುಟುಕು ನೀರು ನುಂಗಿದರೆ ಎರಡೂ ಕಿವಿ ಟಪ್ ಅಂತ ಮುಚ್ಚಿಕೊಳ್ಳುತ್ತಿತ್ತು. ನೋವು ಅಷ್ಟಿರಲಿಲ್ಲ, ಮುಖಕ್ಕೆಲ್ಲ ಕಲ್ಲು ಕಟ್ಟಿದ ಭಾರ. ರಾತ್ರಿಯೆಲ್ಲ ಕೂತೇ ಇದ್ದೆ. ಭಾವ ಪಕ್ಕದ ಸ್ಟೂಲಿನಲ್ಲಿ ಕೂತು ಗಂಟೆಗೊಮ್ಮೆ ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಅವತ್ತು ಅವರು ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಪ್ಯಾಕ್ ತೆಗೆದರು. ಮಿದುಳಿನಿಂದಲೇ ಏನೋ ಜಗ್ಗಿ ಎಳೆದ ಹಾಗೆ. ಬಿಳಿ ಸ್ಪಂಜು ಕೆಂಪಗೆ ಊದಿ ಕಿರುಬೆರಳಿಗಿಂತ ಉದ್ದ ಬಂತು. ಕಣ್ಣಲ್ಲಿ ದಳದಳ ನೀರು. ಮರುಕ್ಷಣ ಒಳಕ್ಕೆ ನುಗ್ಗಿದ ಗಾಳಿ ಇದೆಯಲ್ಲ, ತಣ್ಣಗೆ, ಹಣೆವರೆಗೂ! ಅದು ಅರ್ಧ ಗಂಟೆ ಮಾತ್ರ. ಊತ ಬಂದು ಮತ್ತೆ ಕಟ್ಟಿತು. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರು, ಆದರೂ ಹೆದರಿದೆ.

ಒಂದು ವಾರ ವಿದ್ಯಾನಗರದ ಅಕ್ಕನ ಮನೆಯಲ್ಲಿದ್ದೆ. ಬಿಸಿ ಕಾಫಿ ಇಲ್ಲ, ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಒತ್ತಿ ಸಿಂಬಳ ತೆಗೆಯುವಂತಿಲ್ಲ. ಸೀನು ಬಂದರೆ ಬಾಯಿ ಅಗಲಿಸಿ ಸೀನಬೇಕು. ಅಕ್ಕ ಆರಿದ ಗಂಜಿ, ಮೊಸರನ್ನ ಕೊಡುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಮೊದಲೆಲ್ಲ ಬಲಗಡೆ ಬಿಟ್ಟ ನೀರು ಬಲಗಡೆಯಿಂದಲೇ ವಾಪಸ್ ಬರುತ್ತಿತ್ತು. ಹನ್ನೆರಡನೇ ದಿನ, ಆ ಹೊತ್ತಿಗೆ ಊರಿಗೆ ಬಂದಿದ್ದೆ, ಬಚ್ಚಲಲ್ಲಿ ತಲೆ ಓರೆ ಮಾಡಿ ನೀರು ಬಿಟ್ಟರೆ ಕರಿ ಹಕ್ಕಳೆಯೊಂದು ಜಾರಿ ಬಿತ್ತು. ಹಿಂದೆಯೇ ನೀರು ಎಡಗಡೆಯಿಂದ ಸರಾಗವಾಗಿ ಸುರಿಯಿತು. ಬಚ್ಚಲಿನಿಂದಲೇ ಹೆಂಡತಿಯನ್ನು ಕೂಗಿ ಕರೆದೆ.

ಅಲರ್ಜಿ ಹೋಗಿಲ್ಲ. ಆಪರೇಷನ್ ಅದಕ್ಕೆ ಮದ್ದಲ್ಲ. ಧೂಳು ಕಂಡರೆ ಈಗಲೂ ಸೀನುತ್ತೇನೆ, ಸ್ಪ್ರೇ ನಡೆಯುತ್ತಿದೆ, ಹಲ್ಲರ್ ಹತ್ತಿರ ಮಾಸ್ಕ್ ಇಲ್ಲದೆ ಹೋಗುವುದಿಲ್ಲ. ಗಾರ್ಬ್ಲಿಂಗ್ ಹೆಂಗಸರಿಗೂ ಮಾಸ್ಕ್ ತರಿಸಿ ಕೊಡಿಸಿದೆ. ಅವರೂ ಅದೇ ಧೂಳಲ್ಲಿ ಕೂರುವವರು.

ಸೆಪ್ಟೆಂಬರ್ ಮೊದಲ ವಾರ ಕೊನೆಯ ಚೆಕಪ್. ಮೇಡಂ ಅದೇ ಸ್ಟೀಲ್ ಪಟ್ಟಿ ಹಿಡಿದರು. ಎರಡೂ ಕಡೆ ಆವಿ ಕೂತಿತ್ತು. ಬಲಗಡೆ ಎಂಟಾಣೆಯಷ್ಟು, ಎಡಗಡೆ ಅದಕ್ಕಿಂತ ಚಿಕ್ಕದು. ನನಗೆ ಎದೆ ಧಸಕ್ಕೆಂದಿತು. "ಎಡಗಡೆ ಮತ್ತೆ ಊದ್ತಾ ಇದೆಯಾ ಮೇಡಂ?"

"ಇಲ್ಲ ಕಣ್ರೀ. ಎಲ್ಲರ ಮೂಗೂ ಹೀಗೇ. ಒಂದು ಕಡೆ ಸ್ವಲ್ಪ ಊದಿ ವಿಶ್ರಾಂತಿ ತಗೊಳ್ಳುತ್ತೆ, ಇನ್ನೊಂದು ಕಡೆ ಕೆಲಸ ಮಾಡುತ್ತೆ. ಕೆಲವು ಗಂಟೆ ಆದ್ಮೇಲೆ ಅದಲುಬದಲು. ಮನೆಗೆ ಹೋಗಿ ನೋಡಿಕೊಳ್ಳಿ."

ಮನೆ ಸೇರಿದಾಗ ರಾತ್ರಿ ಎಂಟು. ಹೊರಗೆ ಜಿಟಿಜಿಟಿ ಮಳೆ. ಊಟಕ್ಕೆ ತಟ್ಟೆ ಹಾಕಿದ್ದರು. ತಣ್ಣಗಿದ್ದ ಸ್ಟೀಲ್ ತಟ್ಟೆ ಎತ್ತಿ ಮೂಗಿನ ಕೆಳಗೆ ಹಿಡಿದು ಬಾಯಿ ಮುಚ್ಚಿ ಉಸಿರು ಬಿಟ್ಟೆ. ಮಗಳು ಪಕ್ಕಕ್ಕೆ ಬಂದು ಬಗ್ಗಿ ನೋಡಿ, "ಅಪ್ಪ, ಎಡಗಡೆದು ದೊಡ್ಡದು" ಅಂದಳು.