ಸ್ನಾನ ಮಾಡಿದರೂ ಫಿಟ್ಸ್ ಬರುತ್ತದೆಯೇ?

ನನಗೆ ಮೂರ್ಛೆರೋಗವಿದೆ ಎಂದರೆ ಜನ ಮರುಕದಿಂದ ತಲೆಯಾಡಿಸುತ್ತಾರೆ. ಬಿಸಿನೀರು ತಲೆಗೆ ಬಿದ್ದಾಗ ಬರುತ್ತದೆ ಎಂದರೆ ಮಾತ್ರ ನಂಬುವುದಿಲ್ಲ. ಬಾಡಿಗೆ ಮನೆಯ ಯಜಮಾನರಿಂದ ಹಿಡಿದು ಬೀಗರವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಸ್ನಾನ ಮಾಡಿದರೂ ಫಿಟ್ಸ್ ಬರುತ್ತದೆಯೇ?"

ಬರುತ್ತದೆ. ಬಿಸಿನೀರಿನ ಅಪಸ್ಮಾರ ಎಂದೇ ಅದಕ್ಕೆ ಹೆಸರು. ಹೊರಗಿನ ದೇಶಗಳಲ್ಲಿ ಅಪರೂಪವಾದ ಇದು ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿದ್ದಾರೆ. ನಾವು ಸ್ನಾನ ಮಾಡುವ ರೀತಿಯೇ ಇದಕ್ಕೆ ಕಿಡಿ: 40ರಿಂದ 50 ಡಿಗ್ರಿ ಕಾದ ನೀರನ್ನು ಚೊಂಬಿನ ಮೇಲೆ ಚೊಂಬು, ಬಿಡುವಿಲ್ಲದೆ ನೆತ್ತಿಗೆ ಸುರಿದುಕೊಳ್ಳುತ್ತೇವೆ. ಹೆಚ್ಚಿನವರಿಗೆ ಅದು ಸುಖ. ಕೆಲವರ ಮಿದುಳು ಮಾತ್ರ ಆ ಶಾಖವನ್ನು ತಾಳುವುದಿಲ್ಲ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವುದೂ ಉಂಟು.

ನನಗೆ ಮೊದಲ ಸಲ ಬಂದದ್ದು 26ನೇ ವಯಸ್ಸಿನಲ್ಲಿ, ನರಕ ಚತುರ್ದಶಿಯ ಬೆಳಗಿನ ಜಾವ. ಅವ್ವ ಎಣ್ಣೆ ಹಚ್ಚಿದ್ದಳು. ಹಂಡೆಯ ಕೊರಳಿಗೆ ಹಾಗಲ ಬಳ್ಳಿ ಸುತ್ತಿತ್ತು, ಒಲೆಯಲ್ಲಿ ತೆಂಗಿನ ಮಟ್ಟೆ ಉರಿಯುತ್ತಿತ್ತು. ನಾಲ್ಕೈದು ಚೊಂಬು ಆದ ಮೇಲೆ ಅವ್ವನ ಮಾತು ಬಾವಿಯೊಳಗಿಂದ ಕೇಳಿದಂತಾಯಿತು. ಆಗ ನನಗೆ ಹೆದರಿಕೆಯಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಇನ್ನೂ ಹುಯ್ದುಕೊಳ್ಳಬೇಕು, ಇನ್ನೂ ಬಿಸಿ ಬೇಕು ಎಂಬ ತಡೆಯಲಾರದ ಆಸೆ. ಅವ್ವ ಚೊಂಬು ಕಿತ್ತುಕೊಳ್ಳಲು ಬಂದರೂ ಬಿಡಲಿಲ್ಲವಂತೆ. ಆ ಆಸೆಯೂ ಕಾಯಿಲೆಯ ಭಾಗವೇ ಎಂದು ವೈದ್ಯರು ಹೇಳುವವರೆಗೆ, ಅದು ನನ್ನ ಹಟ ಎಂದೇ ಮನೆಯವರೂ ನಾನೂ ತಿಳಿದಿದ್ದೆವು.

ಎಚ್ಚರವಾದಾಗ ಮುಷ್ಟಿಯಲ್ಲಿ ಬೀಗದ ಕೈ ಇತ್ತು. ದಯವಿಟ್ಟು ಯಾರಿಗೂ ಹಾಗೆ ಮಾಡಬೇಡಿ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ, ಎರಡು ಮೂರು ನಿಮಿಷದಲ್ಲಿ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಬಾಯಿಗೆ ಏನನ್ನೂ ತುರುಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ.

ಚಿಕಿತ್ಸೆ ನನ್ನ ಪಾಲಿಗೆ ಸರಳವಾಗಿಯೇ ಇದೆ. ತಲೆಗೆ ಉಗುರುಬೆಚ್ಚಗಿನ ನೀರು, ಅದೂ ನಿಧಾನವಾಗಿ. ತಲೆಸ್ನಾನದ ದಿನ ಒಂದೂವರೆ ಗಂಟೆ ಮೊದಲು ವೈದ್ಯರು ಬರೆದುಕೊಟ್ಟ ಕ್ಲೋಬಜಾಮ್ ಮಾತ್ರೆ. ನೀರಿಲ್ಲದೆಯೂ ಫಿಟ್ಸ್ ಬರುವವರು ದಿನವೂ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ, ನನಗೆ ಆ ಹಂತ ಬಂದಿಲ್ಲ. ತಲೆಸ್ನಾನವನ್ನೇ ಬಿಟ್ಟು ದೇವರ ಹರಕೆ ಹೊತ್ತು ಕುಳಿತವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಹರಕೆ ಬೇಕಾದರೆ ಇರಲಿ, ನರರೋಗ ತಜ್ಞರಿಗೂ ಒಮ್ಮೆ ತೋರಿಸಿ.

ಬಚ್ಚಲ ಬಾಗಿಲಿಗೆ ನಾನು ಚಿಲಕ ಹಾಕುವುದಿಲ್ಲ. ನೀರು ಹಾಕಿಕೊಳ್ಳುವಾಗ ಹತ್ತೊಂಬತ್ತರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತಿರುತ್ತೇನೆ. ನಡುವೆ ತೊದಲಿದರೆ ಅಡುಗೆಮನೆಯಲ್ಲಿರುವ ಹೆಂಡತಿ ಒಲೆ ಆರಿಸಿ ಬಂದು ಬಾಗಿಲು ತಳ್ಳುತ್ತಾಳೆ.