ದಾಬೋಲಿಂನಲ್ಲಿ ನೆಲದ ಮೇಲೊಂದು ಡೆಕ್

ಗೋವಾದ ವಾಸ್ಕೋ, ಬೈನಾ, ಝುವಾರಿನಗರದ ಕಡೆ ಇರುವ ನಮ್ಮ ಜನಕ್ಕೆ ನೌಕಾಪಡೆಯ ಮಿಗ್-29ಕೆ ಯುದ್ಧವಿಮಾನದ ಸದ್ದು ಹೊಸದಲ್ಲ. ನಾವು ದಾಬೋಲಿಂ ವಿಮಾನ ನಿಲ್ದಾಣ ಅನ್ನುವ ಜಾಗ ಮೂಲತಃ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ. ಅದರೊಳಗೆ ವಿಮಾನವಾಹಕ ಹಡಗಿನ ಡೆಕ್ಕನ್ನೇ ನೆಲಕ್ಕೆ ತಂದಿಟ್ಟಂಥ ಪರೀಕ್ಷಾ ತಾಣವಿದೆ. ವಿಮಾನವನ್ನು ಚಿಮ್ಮಿಸಿ ಹಾರಿಸಲು ತುದಿ ಮೇಲೆತ್ತಿದ ರನ್‌ವೇಯಾದ ಸ್ಕೀ-ಜಂಪ್, ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗ, ಇಳಿಯುವ ಕೋನ ತೋರಿಸುವ ದೀಪಗಳು, ಎಲ್ಲವೂ ಅಲ್ಲಿವೆ. ಹೆಸರು ಶೋರ್ ಬೇಸ್ಡ್ ಟೆಸ್ಟ್ ಫೆಸಿಲಿಟಿ, ಬಳಕೆಯಲ್ಲಿ ಎಸ್‌ಬಿಟಿಎಫ್. ಕಟ್ಟುವ ಕೆಲಸ ಮಾಡಿದ್ದು ಪಕ್ಕದ ಗೋವಾ ಶಿಪ್‌ಯಾರ್ಡ್.

ನೆಲದ ಮೇಲಿನದು ಸುಲಭದ ಅಭ್ಯಾಸ, ನಿಜವಾದ ಕಷ್ಟ ಸಮುದ್ರದಲ್ಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ಕೆಲವು ವಿಷಯಗಳಲ್ಲಿ ಈ ನೆಲವೇ ಹಡಗಿಗಿಂತ ಕಠಿಣ.

ಲೆಕ್ಕ ಹಾಕೋಣ. ವಿಮಾನ ಗಂಟೆಗೆ 240 ಕಿ.ಮೀ. ವೇಗದಲ್ಲಿ ಇಳಿಯಲು ಬರುತ್ತಿದೆ ಅಂತಿಟ್ಟುಕೊಳ್ಳಿ. ಸಮುದ್ರದಲ್ಲಾದರೆ ಹಡಗು ಗಾಳಿಗೆ ಎದುರಾಗಿ ಓಡುತ್ತದೆ. ಹಡಗಿನ ಓಟವೂ ಗಾಳಿಯೂ ಸೇರಿ ಡೆಕ್ ಮೇಲೆ 25 ನಾಟ್ ಎದುರುಗಾಳಿ ಸಿಕ್ಕರೆ, ಅಂದರೆ ಸುಮಾರು 46 ಕಿ.ಮೀ., ಡೆಕ್ಕಿಗೆ ಹೋಲಿಸಿದಾಗ ವಿಮಾನದ ವೇಗ 194ಕ್ಕೆ ಇಳಿಯುತ್ತದೆ. 90 ಮೀಟರ್‌ನಲ್ಲಿ ನಿಲ್ಲಿಸಬೇಕಾದರೆ ಸರಾಸರಿ 1.6 ಜಿ, ಅಂದರೆ ಭೂಮಿಯ ಗುರುತ್ವದ 1.6 ಪಟ್ಟು ಹಿಂದೆಳೆತ ಬೇಕು. ಗಾಳಿಯಿಲ್ಲದ ದಿನ ದಾಬೋಲಿಂನಲ್ಲಿ ಅದೇ ವಿಮಾನ ಪೂರ್ತಿ 240ರಲ್ಲೇ ಹಗ್ಗಕ್ಕೆ ಸಿಕ್ಕುತ್ತದೆ. ಅದೇ 90 ಮೀಟರ್‌ಗೆ 2.5 ಜಿ ಬೇಕು. ಹಗ್ಗ ಹೀರಿಕೊಳ್ಳಬೇಕಾದ ಶಕ್ತಿ ಹಡಗಿನದರ ಒಂದೂವರೆ ಪಟ್ಟು. ಹಾಗಾಗಿ ಇಂಥ ಪರೀಕ್ಷೆಗೆ ಇಂಧನ ಕಡಿಮೆ ತುಂಬಿ ತೂಕ ಇಳಿಸುವುದು, ಎದುರುಗಾಳಿಗೆ ಕಾಯುವುದು ಶೋಕಿಗಲ್ಲ.

ಚಕ್ರ ನೆಲಕ್ಕೆ ಬಡಿಯುವ ಲೆಕ್ಕವೂ ಹೀಗೇ. ಮಾಮೂಲಿ ರನ್‌ವೇಯಲ್ಲಿ ಪೈಲಟ್ ಕೊನೆಗಳಿಗೆಯಲ್ಲಿ ಮೂತಿ ಎತ್ತಿ ವಿಮಾನವನ್ನು ಮೆಲ್ಲಗೆ ಕೂರಿಸುತ್ತಾರೆ, ಆಗ ಕೆಳಗಿಳಿಯುವ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಡೆಕ್ಕಿನಲ್ಲಿ ಹಾಗೆ ಮಾಡಿದರೆ ಹಗ್ಗಗಳನ್ನು ದಾಟಿಯೇ ಹೋಗುತ್ತದೆ. ಮೂರೂವರೆ ಡಿಗ್ರಿ ಕೋನ ಹಿಡಿದು, ಅದನ್ನು ಬದಲಿಸದೆ ನೇರ ಬಂದು ಅಪ್ಪಳಿಸಬೇಕು. 240 ಕಿ.ಮೀ. ವೇಗಕ್ಕೆ ಅದು ಸೆಕೆಂಡಿಗೆ 4 ಮೀಟರ್. ವೇಗ ನಾಲ್ಕು ಪಟ್ಟು, ಹೊಡೆತದ ಶಕ್ತಿ ಹದಿನಾರು ಪಟ್ಟು. ಹಡಗಿನಲ್ಲಿ ಎದುರುಗಾಳಿಯಿಂದ ಇದು 3.3ಕ್ಕೆ ಇಳಿದರೂ, ಆ ಕ್ಷಣಕ್ಕೆ ಅಲೆ ಹಡಗಿನ ಹಿಂಭಾಗವನ್ನು ಮೇಲೆತ್ತಿದರೆ ಆ ವೇಗವೂ ಕೂಡಿಕೊಳ್ಳುತ್ತದೆ. ನೌಕಾ ವಿಮಾನದ ಲ್ಯಾಂಡಿಂಗ್ ಗೇರ್ ಅಷ್ಟು ದಪ್ಪ, ಅಷ್ಟು ಭಾರ ಇರುವುದು ಇದಕ್ಕೇ. ಬೆಂಗಳೂರಿನಲ್ಲಿ ರೂಪುಗೊಂಡ ಯುದ್ಧವಿಮಾನ ನೌಕಾ ತೇಜಸ್ ಗಟ್ಟಿ ಗೇರ್ ಮತ್ತು ಹಗ್ಗ ಹಿಡಿಯುವ ಬಾಲದ ಹುಕ್ಕಿನಿಂದ ತೂಕ ಹೆಚ್ಚಿಸಿಕೊಂಡು, ಎಂಜಿನ್ ಬಲ ಸಾಲದೆ ಹಿಂದೆ ಬಿದ್ದಿತು. ಒಂದೇ ಎಂಜಿನಿನ ಆ ವಿಮಾನ ಬೇಡವೆಂದು ನೌಕಾಪಡೆ 2016ರಲ್ಲಿ ಹೇಳಿದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರ. ಆದರೆ ಅದರ ಪರೀಕ್ಷೆಗಳನ್ನು ನಿಲ್ಲಿಸದೆ ಮುಂದುವರಿಸಿದ್ದು ಅದಕ್ಕಿಂತಲೂ ಸರಿ.

ಹೊರಗಿನವರ ಗಮನಕ್ಕೆ ಬಾರದ ಕಷ್ಟ ಹುಕ್ಕಿನದು. ಹಗ್ಗ ಡೆಕ್ಕಿನಿಂದ ಕೆಲವೇ ಸೆಂಟಿಮೀಟರ್ ಮೇಲಿರುತ್ತದೆ. ಮುಖ್ಯ ಚಕ್ರಗಳು ಅದರ ಮೇಲೆ ಹಾದಾಗ ಹಗ್ಗ ನೆಲಕ್ಕೆ ಒತ್ತಿಕೊಂಡು, ಮತ್ತೆ ಮೇಲೇಳಲು ಕ್ಷಣಕಾಲ ಬೇಕು. ಚಕ್ರಕ್ಕೂ ಹುಕ್ಕಿಗೂ ನಡುವಿನ ಅಂತರ ಕಡಿಮೆಯಿದ್ದರೆ ಹಗ್ಗ ಏಳುವ ಮೊದಲೇ ಹುಕ್ಕು ಅದರ ಮೇಲೆ ಜಾರಿಹೋಗುತ್ತದೆ. ಅಮೆರಿಕದ ನೌಕಾ ಯುದ್ಧವಿಮಾನ ಎಫ್-35ಸಿಗೆ ಆದದ್ದು ಇದೇ. ಅದರಲ್ಲಿ ಈ ಅಂತರ ಎರಡು ಮೀಟರಿಗೆ ಸ್ವಲ್ಪ ಹೆಚ್ಚು ಅಷ್ಟೆ. 2011ರಲ್ಲಿ ಲೇಕ್‌ಹರ್ಸ್ಟ್‌ನ ನೆಲದ ತಾಣದಲ್ಲಿ ಎಂಟು ಸಲ ಓಡಿಸಿದರೂ ಒಮ್ಮೆಯೂ ಹಗ್ಗ ಸಿಗಲಿಲ್ಲ. ಹುಕ್ಕಿನ ತುದಿಯ ಆಕಾರ ಬದಲಿಸಿ, ಅದನ್ನು ಕೆಳಗೊತ್ತುವ ಡ್ಯಾಂಪರ್ ಸರಿಪಡಿಸಬೇಕಾಯಿತು. ಡ್ಯಾಂಪರ್ ಸಡಿಲವಿದ್ದರೆ ಹುಕ್ಕು ಡೆಕ್ಕಿಗೆ ಬಡಿದು ಪುಟಿದು ಹಗ್ಗವನ್ನು ಹಾರಿಬಿಡುತ್ತದೆ.

ಆದ್ದರಿಂದಲೇ ಕೆಲಸ ಹಂತಹಂತ. ಮೊದಲು ವಿಮಾನ ಹಾರುವುದೇ ಇಲ್ಲ. ಹುಕ್ಕು ಇಳಿಬಿಟ್ಟು ನೆಲದ ಮೇಲೇ ಓಡಿ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಟ್ಯಾಕ್ಸಿ-ಇನ್ ಅನ್ನುತ್ತಾರೆ. ಪ್ರತಿ ಸಲ ವೇಗ ಸ್ವಲ್ಪ ಹೆಚ್ಚಿಸಿ ಹುಕ್ಕಿನ ಮೇಲಿನ ಎಳೆತ, ಗೇರಿನ ಒತ್ತಡ ಅಳೆಯುತ್ತಾರೆ. ಆಮೇಲೆ ಹಗ್ಗದ ಮಧ್ಯ ಬಿಟ್ಟು ಪಕ್ಕಕ್ಕೆ ಸಿಕ್ಕಿಸಿ ನೋಡಬೇಕು, ಏಕೆಂದರೆ ಆಗ ಎಡಬಲದ ಎಳೆತ ಸಮನಾಗದೆ ವಿಮಾನ ಒಂದು ಕಡೆಗೆ ವಾಲುತ್ತದೆ. ನೌಕಾ ತೇಜಸ್‌ನ ಮೊದಲ ಟ್ಯಾಕ್ಸಿ-ಇನ್ ಇಲ್ಲಿ ನಡೆದದ್ದು 2018ರ ಆಗಸ್ಟ್‌ನಲ್ಲಿ. ಹಾರಿಬಂದು ಹಗ್ಗ ಹಿಡಿದದ್ದು 2019ರ ಸೆಪ್ಟೆಂಬರ್ 13ರಂದು. ನಡುವಿನ ಒಂದು ವರ್ಷದ ಮೇಲಿನ ಅವಧಿಯನ್ನು ವಿಳಂಬ ಎಂದು ಬರೆದವರಿಗೆ ಈ ಕೆಲಸದ ಸ್ವರೂಪ ಗೊತ್ತಿಲ್ಲ.

ಚಕ್ರ ತಾಗಿದ ಕ್ಷಣ ಪೈಲಟ್ ಎಂಜಿನನ್ನು ಪೂರ್ತಿ ಬಲಕ್ಕೆ ಏರಿಸುತ್ತಾರೆ, ಇಳಿಸುವುದಿಲ್ಲ. ಹಗ್ಗ ತಪ್ಪಿದರೆ ಮತ್ತೆ ಹಾರಲೇಬೇಕಲ್ಲ. ಇದಕ್ಕೆ ಬೋಲ್ಟರ್ ಎನ್ನುತ್ತಾರೆ. ನಮ್ಮ ವಿಮಾನವಾಹಕ ಹಡಗು ವಿಕ್ರಮಾದಿತ್ಯದಲ್ಲಿ ಹಗ್ಗಗಳು ಮೂರೇ. ಅವುಗಳ ನಡುವೆ 12 ಮೀಟರ್ ಅಂತರವಿದೆ ಅಂತಿಟ್ಟುಕೊಂಡರೆ, ಹುಕ್ಕು ಬರುವ ಎತ್ತರ ಮುಕ್ಕಾಲು ಮೀಟರ್ ಹೆಚ್ಚುಕಡಿಮೆಯಾದರೂ ಮುಂದಿನ ಅಥವಾ ಹಿಂದಿನ ಹಗ್ಗ ಸಿಗುತ್ತದೆ. ದಾಬೋಲಿಂನಲ್ಲಿ ತಪ್ಪಿದರೆ ಮುಂದೆ ರನ್‌ವೇ ಉಳಿದಿರುತ್ತದೆ. ನೆಲದ ದೊಡ್ಡ ಉಪಕಾರ ಇದು.

ಸ್ಕೀ-ಜಂಪ್‌ನಲ್ಲಿ ಮಾತ್ರ ಲೆಕ್ಕ ಎರಡೂ ಕಡೆ ವಾಲುತ್ತದೆ. ರ‍್ಯಾಂಪಿನ ತುದಿ 14 ಡಿಗ್ರಿ ಮೇಲಕ್ಕೆ, ಅಲ್ಲಿ ಗಾಳಿಗೆ ಹೋಲಿಸಿದಾಗ ವಿಮಾನದ ವೇಗ ಗಂಟೆಗೆ 200 ಕಿ.ಮೀ. ಬೇಕು ಅನ್ನಿ. ವಿಮಾನ ಪ್ರತಿ ಸೆಕೆಂಡಿಗೂ ತನ್ನ ವೇಗಕ್ಕೆ ಸೆಕೆಂಡಿಗೆ 6 ಮೀಟರ್ ಸೇರಿಸಿಕೊಳ್ಳುತ್ತಾ ಹೋದರೆ, ಅದೇ 25 ನಾಟ್ ಎದುರುಗಾಳಿಯ ಹಡಗಿನಲ್ಲಿ ಸುಮಾರು 150 ಮೀಟರ್ ಓಟ ಸಾಕು, ನಿಶ್ಚಲ ಗಾಳಿಯ ನೆಲದಲ್ಲಿ 257 ಮೀಟರ್ ಬೇಕು. ಆದರೆ ನೆಲದಲ್ಲಿ ನಿಜವಾದ ಓಟ ಹೆಚ್ಚಿರುವುದರಿಂದ ರ‍್ಯಾಂಪ್ ಸೆಕೆಂಡಿಗೆ 13 ಮೀಟರ್ ಮೇಲಕ್ಕೆ ಚಿಮ್ಮಿಸುತ್ತದೆ, ಹಡಗಿನಲ್ಲಿ ಹತ್ತು ಮಾತ್ರ. ರೆಕ್ಕೆ ಏನೂ ಎತ್ತದಿದ್ದರೂ ಹಡಗಿನ ಆ ಚಿಮ್ಮು ಎರಡು ಸೆಕೆಂಡ್ ಕೊಡುತ್ತದೆ. ಅಷ್ಟರಲ್ಲಿ ವೇಗ ಇನ್ನೂ 40 ಕಿ.ಮೀ.ಗೂ ಹೆಚ್ಚು ಏರಿ, ರೆಕ್ಕೆ ಭಾರ ಹೊರಲು ಶುರುಮಾಡುತ್ತದೆ. ರ‍್ಯಾಂಪ್ ಬಿಟ್ಟ ಕೂಡಲೇ ಅದುಮಿಕೊಂಡಿದ್ದ ಮುಂಗಾಲು ಚಿಮ್ಮಿ ಮೂತಿ ಎತ್ತುತ್ತದೆ. ಅದನ್ನು ಹಿಡಿದಿಡುವುದು ಹಾರಾಟ ನಿಯಂತ್ರಣ ಸಾಫ್ಟ್‌ವೇರಿನ ಕೆಲಸ. 2014ರ ಡಿಸೆಂಬರ್ 20ರಂದು ಕಮೊಡೋರ್ ಜಯದೀಪ್ ಮಾವಳಂಕರ್ ಇಲ್ಲಿಂದ ನೌಕಾ ತೇಜಸ್‌ನ ಮೊದಲ ಮಾದರಿಯನ್ನು ಹಾರಿಸಿದಾಗ ಪರೀಕ್ಷೆಗೆ ನಿಂತದ್ದು ಇದೇ. 2022ರಲ್ಲಿ ಫ್ರಾನ್ಸಿನ ರಫೇಲ್-ಎಂ, ಅಮೆರಿಕದ ಎಫ್-18 ಯುದ್ಧವಿಮಾನ ಎರಡನ್ನೂ ತರಿಸಿ ಈ ರ‍್ಯಾಂಪಿನಿಂದಲೇ ಎಗರಿಸಿ ನೋಡಿದರು, ಎರಡೂ ಕ್ಯಾಟಪಲ್ಟಿಗೆಂದು, ಅಂದರೆ ಡೆಕ್ಕಿನಿಂದ ವಿಮಾನವನ್ನು ಎಳೆದು ಎಸೆಯುವ ಯಂತ್ರಕ್ಕೆಂದು ಹುಟ್ಟಿದವು. 26 ರಫೇಲ್-ಎಂ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಏಪ್ರಿಲ್‌ನಲ್ಲಿ.

ನೆಲ ಕಲಿಸಲಾರದ್ದೂ ಇದೆ. ಹಡಗಿನ ಮೇಲ್ಕಟ್ಟಡವನ್ನು ಸುತ್ತಿಬರುವ ಗಾಳಿ ಹಿಂಬದಿಯಲ್ಲಿ ಸುಳಿಯಾಗಿ, ಕೊನೆಯ ಸೆಕೆಂಡುಗಳಲ್ಲಿ ವಿಮಾನವನ್ನು ಕೆಳಗೆಳೆಯುತ್ತದೆ. ಇಳಿಯುವ ಪಟ್ಟಿ ಓರೆಯಾಗಿರುವುದರಿಂದ ಹಡಗು ಮುಂದೆ ಸಾಗಿದಂತೆ ಮಧ್ಯರೇಖೆ ಬಲಕ್ಕೆ ಸರಿಯುತ್ತಲೇ ಇರುತ್ತದೆ. ಅದನ್ನು ನೌಕಾ ತೇಜಸ್ ಎದುರಿಸಿದ್ದು 2020ರ ಜನವರಿ 11ರಂದು, ಕಾರವಾರವನ್ನು ನೆಲೆಯಾಗಿಸಿಕೊಂಡ ವಿಕ್ರಮಾದಿತ್ಯದ ಮೇಲೆ. ಮರುದಿನ ಅಲ್ಲಿಂದಲೇ ಮೇಲೇರಿತು.

ಹಂಸದೊಳಗೆ ನಮಗೆ ಪ್ರವೇಶವಿಲ್ಲ. ಆದರೆ ಬೋಗ್ಮಾಳೊ ರಸ್ತೆಯ ನೌಕಾ ವಿಮಾನ ಸಂಗ್ರಹಾಲಯಕ್ಕೆ ಹೋದರೆ ಹಳೆಯ ವಿಕ್ರಾಂತದ ಸೀ ಹಾಕ್, ಅಲಿಝೆ ವಿಮಾನಗಳ ಬಾಲದ ಕೆಳಗೆ ಬಗ್ಗಿ ನೋಡಿ, ಹುಕ್ಕು ಸಿಗುತ್ತದೆ. ಸೀ ಹ್ಯಾರಿಯರ್ ಕೆಳಗೆ ಹುಡುಕಬೇಡಿ. ಅದು ವಿರಾಟ್ ಡೆಕ್ಕಿನ ಮೇಲೆ ನೆಟ್ಟಗೆ ಕೆಳಗಿಳಿಯುತ್ತಿತ್ತು, ಹಗ್ಗದ ಹಂಗೇ ಅದಕ್ಕಿರಲಿಲ್ಲ.