ಪೋಲೆಂಡಿನ ತತ್ವಶಾಸ್ತ್ರವೇ ಯಾಕೆ?

‘ತತ್ವಶಾಸ್ತ್ರ ಓದಬೇಕು ಅಂದರೆ ಗ್ರೀಕರಿದ್ದಾರೆ, ಜರ್ಮನ್ನರಿದ್ದಾರೆ. ನಿಮಗೆ ಪೋಲೆಂಡಿನವರೇ ಯಾಕೆ? ಆ ಮೇಷ್ಟ್ರುಗಳ ವಾದಕ್ಕೂ ಇವತ್ತಿನ ಸಿನಿಮಾ, ದುಡಿಮೆ, ರಾಜಕೀಯಕ್ಕೂ ಏನು ಸಂಬಂಧ?’ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರವಾಗಿ ನಾನು ಒಬ್ಬ ಗುರು, ಅವರ ಶಿಷ್ಯ, ಆ ಶಿಷ್ಯನ ಶಿಷ್ಯ, ಈ ಮೂವರ ಕಥೆ ಹೇಳುತ್ತೇನೆ.

ಗುರು ಕಾಜಿಮೆಷ್ ಟ್ವಾರ್ಡೋವ್ಸ್ಕಿ 1895ರಲ್ಲಿ ವಿಯೆನ್ನಾದಿಂದ ಲ್ವೂಫ್‌ಗೆ ತತ್ವಶಾಸ್ತ್ರದ ಪಾಠ ಮಾಡಲು ಬಂದರು. ಇವತ್ತು ಅದು ಉಕ್ರೇನಿನ ಲ್ವಿವ್. ನೆರೆಯ ಸಾಮ್ರಾಜ್ಯಗಳು ಹಂಚಿಕೊಂಡಿದ್ದರಿಂದ ಪೋಲೆಂಡ್ ಆಗ ನಕ್ಷೆಯಲ್ಲೇ ಇರಲಿಲ್ಲ. ಅವರದು ಒಂದೇ ಹಠ: ಬರಹ ಮಸುಕಾಗಿದ್ದರೆ ಯೋಚನೆಯೂ ಮಸುಕಾಗಿರುತ್ತದೆ, ಅದನ್ನು ಆಳ ಅಂದುಕೊಳ್ಳಬೇಡಿ. ಅವರ ಗರಡಿಯಿಂದಲೇ ತರ್ಕಶಾಸ್ತ್ರಜ್ಞ ಯಾನ್ ವುಕಾಸೇವಿಚ್ ಬಂದರು. ತರ್ಕದ ಸೂತ್ರಗಳನ್ನು ಆವರಣ ಚಿಹ್ನೆಗಳೇ ಇಲ್ಲದೆ ಬರೆಯುವ ಕ್ರಮವೊಂದನ್ನು ಅವರು ಕಂಡುಹಿಡಿದರು; ಅದನ್ನು ತಿರುಗಿಸಿದ ರೂಪ ಮುಂದೆ ಕ್ಯಾಲ್ಕುಲೇಟರ್‌ಗಳ ಒಳಗೂ ಸೇರಿತು.

ರೋಮನ್ ಇಂಗಾರ್ಡನ್ ಕೂಡ ಮೊದಲು ಕಲಿತದ್ದು ಟ್ವಾರ್ಡೋವ್ಸ್ಕಿ ಹತ್ತಿರವೇ. ಆಮೇಲೆ ಜರ್ಮನಿಗೆ, ಅನುಭವ ನಮಗೆ ಹೇಗೆ ಕಾಣುತ್ತದೆ ಅನ್ನುವುದನ್ನೇ ಪರೀಕ್ಷಿಸಿದ ತತ್ವಜ್ಞಾನಿ ಹುಸ್ಸರ್ಲ್ ಹತ್ತಿರ ಹೋದರು. 1931ರಲ್ಲಿ ಸಾಹಿತ್ಯ ಕೃತಿಯ ಬಗ್ಗೆ ಅವರ ದೊಡ್ಡ ಪುಸ್ತಕ ಬಂತು. ಯಾವ ಕಥೆಯೂ ಎಲ್ಲವನ್ನೂ ಹೇಳಿ ಮುಗಿಸುವುದಿಲ್ಲ, ಎಲ್ಲೆಲ್ಲೂ ಖಾಲಿ ಜಾಗಗಳಿರುತ್ತವೆ, ಅವನ್ನು ತುಂಬುವವನು ಓದುಗ ಅಂತ ಅದರಲ್ಲಿ ತೋರಿಸಿದರು. ಸಿನಿಮಾ ಆಗಷ್ಟೇ ಮಾತು ಕಲಿಯುತ್ತಿತ್ತು. ಆದರೂ ಅದೇ ಪುಸ್ತಕದಲ್ಲಿ ಸಿನಿಮಾಕ್ಕೂ ಜಾಗ ಕೊಟ್ಟರು. ಕಾದಂಬರಿ ಸಿನಿಮಾ ಆದಾಗ ‘ನನ್ನ ನಾಯಕಿ ಹೀಗಿರಲಿಲ್ಲ’ ಅಂತ ನಾವು ಬೇಜಾರಾಗ್ತೀವಲ್ವಾ? ಆ ಬೇಜಾರಿಗೆ ಇಷ್ಟು ಚೆನ್ನಾಗಿ ಕಾರಣ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಎರಡನೇ ಮಹಾಯುದ್ಧದ ನಂತರ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಇಂಗಾರ್ಡನ್ ಅವರನ್ನು ಕೆಲವು ವರ್ಷ ಪಾಠ ಮಾಡದಂತೆ ತಡೆದಿತ್ತು.

ಇಂಗಾರ್ಡನ್ ಹತ್ತಿರ ಡಾಕ್ಟರೇಟ್ ಮಾಡಿದವರು ಯೂಜೆಫ್ ಟಿಷ್ನರ್. ಬೆಟ್ಟದ ಸೀಮೆಯಲ್ಲಿ ಬೆಳೆದ ಪಾದ್ರಿ. ನನಗೆ ತುಂಬಾ ಇಷ್ಟವಾದವರು ಇವರೇ. 1980ರ ಆಗಸ್ಟ್‌ನಲ್ಲಿ ಗ್ಡಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಮುಷ್ಕರ ಹೂಡಿದರು. ‘ಸಾಲಿಡಾರಿಟಿ’, ಅಂದರೆ ಒಗ್ಗಟ್ಟು, ಅನ್ನುವ ಹೆಸರಿನ ಕಾರ್ಮಿಕ ಸಂಘಟನೆ ಹುಟ್ಟಿತು. ಅಕ್ಟೋಬರ್ 19ರಂದು ಅದರ ಮುಖಂಡರು ಕ್ರಾಕೋವಿನ ವಾವೆಲ್ ಬೆಟ್ಟದ ಕೆಥೆಡ್ರಲ್‌ನಲ್ಲಿ ಸೇರಿದ್ದರು. ಅಲ್ಲಿ ಉಪದೇಶ ಮಾಡಿದವರು ಟಿಷ್ನರ್. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಿ ಅನ್ನುವ ಬೈಬಲ್ ಮಾತಿನಿಂದಲೇ ಅವರು ಸಾಲಿಡಾರಿಟಿಯನ್ನು ಬಿಡಿಸಿ ಹೇಳಿದರು.

ದುಡಿಮೆ ಅಂದರೆ ಮನುಷ್ಯರ ನಡುವಿನ ಮಾತುಕತೆ ಅನ್ನುವುದು ಅವರ ವಿಚಾರ. ರೈತ ಗೋಧಿ ಬೆಳೆಯುತ್ತಾನೆ, ಇನ್ನೊಬ್ಬ ಹಿಟ್ಟು ಮಾಡುತ್ತಾನೆ, ಮತ್ತೊಬ್ಬ ರೊಟ್ಟಿ ಬೇಯಿಸುತ್ತಾನೆ. ಒಬ್ಬರ ಕೆಲಸಕ್ಕೆ ಮುಂದಿನವರ ಕೆಲಸ ಉತ್ತರ ಕೊಡುತ್ತದೆ. ಹಾಗಿದ್ದರೆ ಶೋಷಣೆ ಅಂದರೇನು? ಈ ಮಾತುಕತೆಯೊಳಗೆ ನುಗ್ಗಿದ ಸುಳ್ಳು. ಸಂಬಳದ ಲೆಕ್ಕದಲ್ಲಿ ಮಾತ್ರ ಶೋಷಣೆಯನ್ನು ಅಳೆಯುತ್ತಿದ್ದ ನನಗೆ ಇದು ಬೇರೆಯೇ ದಾರಿ ತೋರಿಸಿತು. ಯಾರಿಗೂ ಬೇಡದ ಕೆಲಸವನ್ನು ದಿನವಿಡೀ ಮಾಡಿಸುವುದೂ ಮೋಸವೇ, ಸಂಬಳ ಎಷ್ಟೇ ಜಾಸ್ತಿ ಇರಲಿ.

1997ರಲ್ಲಿ ಟಿಷ್ನರ್ ಗ್ರೀಕ್ ತತ್ವಶಾಸ್ತ್ರದ ಚರಿತ್ರೆಯನ್ನು ತಮ್ಮ ಬೆಟ್ಟದವರ ಆಡುಮಾತಿನಲ್ಲೇ ಬರೆದರು. ನಮ್ಮಲ್ಲಿ ಸಾಕ್ರಟಿಸ್ ಕುಂದಾಪುರ ಕನ್ನಡದಲ್ಲಿ ವಾದಕ್ಕೆ ಇಳಿದಂತೆ. ಜನ ಮುಗಿಬಿದ್ದು ಓದಿದರು.

‘ಹೀಗೆ ಸುಲಭ ಮಾಡಿದರೆ ತೂಕ ಕಳೆದುಹೋಗಲ್ವಾ?’ ಅಂತಲೂ ಕೇಳುತ್ತಾರೆ. ಡಾಕ್ಟರೇಟ್‌ಗೆ ಟಿಷ್ನರ್ ಹುಸ್ಸರ್ಲ್‌ನ ಅತಿ ಕಷ್ಟದ ಭಾಗವನ್ನೇ ಹಿಡಿದಿದ್ದರು. ಪೋಲೆಂಡಿನ ಇನ್ನೊಬ್ಬ ತತ್ವಜ್ಞಾನಿ, ಮಾರ್ಕ್ಸ್‌ವಾದದ ಮೇಲೆ ಮೂರು ಸಂಪುಟ ಬರೆದ ಲೆಷೆಕ್ ಕೊವಕೋವ್ಸ್ಕಿಯೇ ಟೀವಿಯಲ್ಲಿ ಸುಳ್ಳು, ಅಧಿಕಾರ, ಕೀರ್ತಿಯಂಥ ವಿಷಯಗಳ ಮೇಲೆ ಪುಟ್ಟ ಉಪನ್ಯಾಸ ಕೊಟ್ಟರು. ಇವರು ಜನರಿಗಾಗಿ ಸುಮ್ನೆ ನೀರು ಬೆರೆಸಿದವರಲ್ಲ. ಕಷ್ಟದ್ದನ್ನು ಪೂರ್ತಿ ಅರಗಿಸಿಕೊಂಡಿದ್ದರು, ಅದಕ್ಕೇ ಹಡಗುಕಟ್ಟೆಯವರಿಗೂ ಬೆಟ್ಟದವರಿಗೂ ನೇರವಾಗಿ ಹೇಳಲು ಬಂತು. ನಾನು ಪೋಲೆಂಡಿನವರನ್ನು ಓದುವುದು ಇದಕ್ಕೇ.